ನೀರು ನಿಲ್ಲದ ಟೇಬಲ್

ನಂದೊಳ್ಳಿ
24 ಫೆಬ್ರವರಿ 2025

ಶ್ರೀ ಮುನವ್ವರ್ ಸಾಹೇಬರಿಗೆ ನಂದೊಳ್ಳಿಯ ಗಿರಣಿ ಚೌಡನ ನಮಸ್ಕಾರ.

ನಾನು ನಿಮಗೆ ಗುರುತಿಲ್ಲ. ನಿಮ್ಮ ಲಾರಿಯ ಅರ್ಮಾನ್ ಬಾವಿಯ ರಿಂಗು ಇಳಿಸಲು ನಮ್ಮ ಕಡೆ ಬಂದಾಗಲೆಲ್ಲ ನನ್ನ ಹಿಟ್ಟಿನ ಗಿರಣಿಯ ಎದುರು ನಿಲ್ಲಿಸಿ ಚಹಾ ಕುಡಿಯುತ್ತಾನೆ, ಅವನೇ ನಿಮ್ಮ ಹೆಸರು ಹೇಳಿದ. ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಕಡೆ ಸಿಮೆಂಟ್ ಮಿಕ್ಸರಿನ ಸದ್ದು, ನನ್ನ ಕಡೆ ಗಿರಣಿ ಸದ್ದು, ಇಬ್ಬರೂ ಹಲೋ ಹಲೋ ಅಂದದ್ದಷ್ಟೇ ಆಯಿತು. ಬರೆದು ಕಳಿಸಿದ ಆರ್ಡರನ್ನಷ್ಟೇ ನೀವು ಹಿಡಿಯುವುದಂತೆ, ಅದಕ್ಕೆ ಬರೆಯುತ್ತಿದ್ದೇನೆ. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಮಗೆ ಟೇಬಲ್ ಟೆನಿಸ್ ಆಡುವ ಟೇಬಲ್ ಬೇಕು. ಬಯಲಿನಲ್ಲಿ ಇಡುವಂಥದ್ದು, ಸಿಮೆಂಟಿನದ್ದು. ನಗಬೇಡಿ. ಇಲ್ಲಿಯ ಶಾಲೆಯಲ್ಲಿ ಪ್ಲೈವುಡ್ಡಿನದ್ದು ಒಂದಿತ್ತು. ಮೊದಲ ಮಳೆಗಾಲಕ್ಕೆ ಪೂರಿಯ ಹಾಗೆ ಉಬ್ಬಿತು, ಎರಡನೆಯದಕ್ಕೆ ಗೆದ್ದಲು ಹಿಡಿಯಿತು. ಕಬ್ಬಿಣದ್ದು ತರೋಣವೆಂದರೆ ನಮ್ಮಲ್ಲಿ ಗೇಟಿನ ಚಿಲಕವೇ ಎರಡು ವರ್ಷಕ್ಕೆ ತುಕ್ಕಿನಲ್ಲಿ ಉದುರುತ್ತದೆ. ಸಿಮೆಂಟಿನದ್ದು ಪಾರ್ಕುಗಳಲ್ಲಿ ಇಡುವುದನ್ನು ಮೊಬೈಲಿನಲ್ಲಿ ನೋಡಿದೆ. ಅಂದಿನಿಂದ ಅದೇ ತಲೆಯಲ್ಲಿದೆ.

ಆದರೆ ಅದರ ಮೇಲೆ ನೀರು ನಿಂತರೆ? ಪಾಚಿ ಕಟ್ಟಿದರೆ? ಬಿಸಿಲಿಗೆ ಬಿರುಕು ಬಿಟ್ಟರೆ? ಅಂಚು ಚೂಪಾಗಿದ್ದು ಮಕ್ಕಳ ಸೊಂಟಕ್ಕೆ ತಾಗಿದರೆ? ಒಮ್ಮೆ ಕೂರಿಸಿದ ಮೇಲೆ ತಪ್ಪಾದರೆ ಎತ್ತಿ ಬದಿಗಿಡುವ ಸಾಮಾನಲ್ಲ ಅದು. ಇದಕ್ಕೆಲ್ಲ ಉತ್ತರ ಬೇಕು. ಮುಖ್ಯ, ನೀರು ನಿಲ್ಲಬಾರದು.

ಊರಿಗಾಗಿ ಎಂದು ತಿಳಿದುಕೊಳ್ಳಿ.

ಇತಿ,
ಚೌಡ


ಶಿರಸಿ
28 ಫೆಬ್ರವರಿ 2025

ಚೌಡ ಅವರಿಗೆ ಮುನವ್ವರ್ ಸಲಾಂ.

ಪತ್ರ ತಲುಪಿತು. ನನ್ನ ನಿಕಾಹ್ ಮಾತಾಡುವಾಗ ನನ್ನ ಮಾವ ಕೂಡ ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ಆಗುತ್ತದೆ. ಬಾವಿಯ ರಿಂಗು, ಬೇಲಿಯ ಕಂಬ, ಬಸ್‌ಸ್ಟಾಪಿನ ಬೆಂಚು, ತುಳಸಿಕಟ್ಟೆ ಎಲ್ಲ ಎರಕ ಹೊಯ್ದವನು ನಾನು, ಟೇಬಲ್ ಯಾವ ಲೆಕ್ಕ. ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಒಂದೇ ಹಲಗೆಯಾದರೆ ಲಾರಿಯಿಂದ ಇಳಿಸುವವರ ಸೊಂಟ ಮುರಿಯುತ್ತದೆ, ಎರಡು ತುಂಡು ಮಾಡಿ ನಡುವೆ ಕೂಡಿಸೋಣ. ಅಂಚು ಉರುಟು ಮಾಡಿ ಕೊಡುತ್ತೇನೆ. ಬಣ್ಣ ಬಳಿದರೆ ಸುಲಿಯುತ್ತದೆ, ಹಸಿರು ಆಕ್ಸೈಡನ್ನು ಸಿಮೆಂಟಿನಲ್ಲೇ ಕಲಸುತ್ತೇನೆ. ಬಲೆಯ ಬದಲು ಕಬ್ಬಿಣದ ತಗಡೋ ಸಿಮೆಂಟಿನ ಪಟ್ಟಿಯೋ ತಿಳಿಸಿ.

ನೀರಿನ ಚಿಂತೆ ನನಗೆ ಬಿಡಿ.

ಮುನವ್ವರ್


ನಂದೊಳ್ಳಿ
6 ಮಾರ್ಚ್ 2025

ಸಾಹೇಬರಿಗೆ ನಮಸ್ಕಾರ.

ನೀರಿನ ಚಿಂತೆ ನನಗೆ ಬಿಡಿ ಎಂದು ಬರೆದಿರಿ. ಬಿಡಲಿಕ್ಕೆ ಆಗುವುದಾದರೆ ನಾನು ಬೇರೆ ಯಾರೋ ಆಗಿರುತ್ತಿದ್ದೆ.

ಕಬ್ಬಿಣದ ತಗಡು ಬೇಡ, ತುಕ್ಕು. ಸಿಮೆಂಟಿನ ಪಟ್ಟಿಯೆಂದರೆ ಅದರ ಬುಡಕ್ಕೆ ಎರಡೂ ಬದಿಯ ನೀರು ಬಂದು ನಿಲ್ಲುವುದಿಲ್ಲವೇ? ನಮ್ಮ ಜುಲೈ ನಿಮಗೆ ಗೊತ್ತಿದ್ದದ್ದೇ. ಶಿರಸಿಯ ಮಳೆ ಬೇರೆ, ಇಲ್ಲಿಯ ಮಳೆ ಬೇರೆಯೇನಲ್ಲ. ಎರಡು ತುಂಡು ಕೂಡುವ ಜಾಗದಲ್ಲಿ ನೀರು ಇಳಿದು ಒಳಗಿನ ಸರಳಿಗೆ ತಾಗಿದರೆ ಹಲಗೆ ಒಳಗಿಂದೊಳಗೇ ಬಿರಿಯುತ್ತದೆಯಂತೆ, ಗಿರಣಿಗೆ ಬರುವ ಮೇಸ್ತ್ರಿಯೊಬ್ಬ ಹೇಳಿದ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ತನುಜಾ, ಇನ್ನೂ ಎರಕವೇ ಹೊಯ್ದಿಲ್ಲ, ಬಿರುಕಿಗೆ ಈಗಲೇ ಯಾಕೆ ಅಳುತ್ತೀರಿ ಎಂದು ಬೈದಳು.

ಉದ್ದವನ್ನು ಉತ್ತರ-ದಕ್ಷಿಣಕ್ಕೆ ಇಡಬೇಕೆಂದು ಶ್ರೀವಾಣಿ ಟೀಚರ್ ಹೇಳಿದ್ದಾರೆ, ಇಲ್ಲದಿದ್ದರೆ ಸಂಜೆ ಒಬ್ಬರ ಕಣ್ಣಿಗೆ ಬಿಸಿಲು. ಇಲ್ಲಿಯ ಮಕ್ಕಳಿಗೆ ಈ ಆಟ ಕಲಿಸಿದವರು ಅವರೇ. ಈ ಸಲ ಅವರಿಗೆ ಸಿದ್ದಾಪುರಕ್ಕೆ ವರ್ಗವಾಗಿದೆ. ಅದು ಬೇರೆ ವಿಷಯ.

ಸಿಮೆಂಟಿನ ಪಟ್ಟಿಯೇ ಇರಲಿ. ನೀರು ನಿಲ್ಲಬಾರದು. ಶಾಲೆ ಶುರುವಾಗುವುದರ ಒಳಗೆ, ಅಂದರೆ ಮೇ ತಿಂಗಳಲ್ಲೇ, ಕೂರಿಸಿ ಆಗಬೇಕು. ಹಲಗೆ ಬಿರುಕಿಲ್ಲದೆ ಬಂದರೆ ಚಂದಗುಳಿಯ ಗಣಪನಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೇಳಿಕೊಂಡಿದ್ದೇನೆ.

ಚೌಡ


ನಂದೊಳ್ಳಿ
24 ಮಾರ್ಚ್ 2025

ಸಾಹೇಬರಿಗೆ.

ಉತ್ತರವಿಲ್ಲ. ಅರ್ಮಾನ್ ಬಂದವನು ನನ್ನ ಮುಖ ನೋಡಿದ ಕೂಡಲೇ ಲಾರಿಯ ಟೈರು ಒದ್ದು ನೋಡುತ್ತ ಆ ಬದಿಗೆ ಹೋದ. ಟೈರಿನಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಸಣ್ಣ ಆರ್ಡರು ಎಂದು ಬದಿಗೆ ಹಾಕಿದ್ದೀರಾ? ಹಾಗಿದ್ದರೆ ಹೇಳಿಬಿಡಿ, ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಕೇಳುತ್ತೇನೆ. ಗಿರಣಿಯಲ್ಲಿ ನಾನು ಒಬ್ಬರ ಅಕ್ಕಿಗೂ ಹೀಗೆ ಮಾಡಿದವನಲ್ಲ. ಆಗುವುದಿಲ್ಲ ಎನ್ನುವುದನ್ನು ಕೇಳಿ ತಡೆದುಕೊಳ್ಳಬಹುದು, ಏನೂ ಹೇಳದೆ ಕೂತವರನ್ನು ತಡೆದುಕೊಳ್ಳುವುದು ಕಷ್ಟ.

ಚೌಡ


ಶಿರಸಿ
4 ಏಪ್ರಿಲ್ 2025

ಚೌಡ ಅವರಿಗೆ.

ರಂಜಾನ್ ಇತ್ತು. ಉಪವಾಸದ ಹುಡುಗರನ್ನು ಮಧ್ಯಾಹ್ನದ ಬಿಸಿಲಿಗೆ ಸಿಮೆಂಟ್ ಕಲಸಲು ನಿಲ್ಲಿಸುವವನು ನಾನಲ್ಲ. ಹಬ್ಬ ಮುಗಿಯಿತು. ಕೆಲಸ ನಡೆಯುತ್ತಿದೆ.

ಎರಕ ಹೊಯ್ದ ಮೇಲೆ ಹಲಗೆ ಚೆನ್ನಾಗಿ ನೀರು ಕುಡಿಯಬೇಕು, ಗೋಣಿ ಹೊದಿಸಿ ದಿನಾ ನೆನೆಸಬೇಕು. ಅವಸರ ಮಾಡಿದರೆ ನೀವು ಹೆದರಿದ್ದೇ ಆಗುತ್ತದೆ. ಹುಬ್ಬಳ್ಳಿಗೆ ಹೋಗುವುದಾದರೆ ಹೋಗಿ, ಅಲ್ಲಿಯವರಿಗೆ ನಮ್ಮ ಮಳೆ ಗೊತ್ತಿಲ್ಲ.

ಮುನವ್ವರ್


ನಂದೊಳ್ಳಿ
22 ಏಪ್ರಿಲ್ 2025

ಸಿಮೆಂಟ್ ಯಾರ್ಡಿನ ಮಾಲೀಕರಿಗೆ.

ಅರ್ಮಾನ್ ಬಾಯಿ ಬಿಟ್ಟ. ಮೊದಲು ಹೊಯ್ದ ಹಲಗೆ ಅಚ್ಚಿನಿಂದ ಎತ್ತುವಾಗಲೇ ಎರಡು ಹೋಳಾಯಿತಂತೆ. ಅದೂ ರಂಜಾನಿನ ನಡುವೆಯೇ. ನೀವು ಬರೆದದ್ದು ಕೆಲಸ ನಡೆಯುತ್ತಿದೆ ಎಂದು. ಒಡೆದದ್ದೂ ಒಂದು ಕೆಲಸವೇ, ಸುಳ್ಳಲ್ಲ ಬಿಡಿ.

ನನಗೆ ಸಿಟ್ಟು ಬಂದದ್ದು ಒಡೆದದ್ದಕ್ಕಲ್ಲ. ಈ ತಿಂಗಳೆಲ್ಲ ನಾನು ದಿನಾ ಹೊತ್ತಾರೆ ಎದ್ದು, ಈಗ ಹಲಗೆ ನೀರು ಕುಡಿಯುತ್ತಿರಬೇಕು, ಈಗ ಗಟ್ಟಿಯಾಗುತ್ತಿರಬೇಕು ಎಂದು ಎಣಿಸುತ್ತಿದ್ದೆ. ಅಲ್ಲಿ ಹಲಗೆಯೇ ಇರಲಿಲ್ಲ.

ನೀವು ಮೊದಲು ಯಾವಾಗಲಾದರೂ ಇಂಥ ಟೇಬಲ್ ಮಾಡಿದ್ದೀರಾ? ಹೌದು ಇಲ್ಲ ಅಷ್ಟೇ ಬರೆಯಿರಿ. ಹೊಸ ಹಲಗೆಗೂ ಅದೇ ಮಾತು, ನೀರು ನಿಲ್ಲಬಾರದು. ಮೇ ತಿಂಗಳಲ್ಲಿ ಆಗದಿದ್ದರೆ ನನಗೆ ಬೇಡವೇ ಬೇಡ, ಆಮೇಲೆ ಅದಕ್ಕೆ ಅರ್ಥವಿಲ್ಲ. ಯಾಕೆ ಎಂದು ಕೇಳಬೇಡಿ.

ಚೌಡ


ಶಿರಸಿ
25 ಏಪ್ರಿಲ್ 2025

ಚೌಡಣ್ಣ,

ಅರ್ಮಾನಿನ ಬಾಯಿಗೆ ಒಂದು ಬುಟ್ಟಿ ಕಾಂಕ್ರೀಟ್ ಹಾಕಬೇಕು.

ಇಲ್ಲ, ಮಾಡಿಲ್ಲ. ನೋಡಿಯೂ ಇರಲಿಲ್ಲ. ನಿಮ್ಮ ಮೊದಲ ಪತ್ರ ಬಂದ ಮೇಲೆ ಇಲ್ಲಿಯ ಕ್ಲಬ್ಬಿಗೆ ಹೋಗಿ ಟೇಪು ಹಿಡಿದು ಅಳೆದು ಬಂದೆ, ಅಲ್ಲಿ ಆಡುತ್ತಿದ್ದವರು ನನ್ನನ್ನು ಬಡಗಿ ಎಂದುಕೊಂಡರು. ಆದರೆ ಆಗುವುದಿಲ್ಲ ಎಂದು ಯಾವ ಗಿರಾಕಿಗೂ ನಾನು ಹೇಳಿಲ್ಲ, ನಿಮಗೆ ಹೇಗೆ ಹೇಳಲಿ? ಸರಳನ್ನು ಮೇಲ್ಮೈಗೆ ತೀರಾ ಹತ್ತಿರ ಇಟ್ಟಿದ್ದೆ, ಅದಕ್ಕೆ ಒಡೆಯಿತು. ಈಗಿನದು ಗಟ್ಟಿ ಇದೆ. ಮೇಲೆ ಹತ್ತಿ ಕುಣಿದಿದ್ದೇನೆ. ಹದಿನಾರಕ್ಕೆ ಅರ್ಮಾನ್ ಲೋಡು ತರುತ್ತಾನೆ, ಯಲ್ಲಾಪುರದ ನಾಟಾ ಮರ ಎತ್ತುವ ಹಮಾಲರಿಗೆ ಹೇಳಿ ಇಡಿ. ಕೂರಿಸುವುದನ್ನು ಅವನಿಗೇ ಬಿಡಿ, ಕಾಲುಗಳಿಗೆ ನಂಬರ್ ಬರೆದಿದ್ದೇನೆ.

ನೀರಿನದ್ದು ಈ ಸಲ ಪಕ್ಕಾ ಮಾಡಿದ್ದೇನೆ. ನೋಡಿದರೆ ಖುಷಿಪಡುತ್ತೀರಿ.

ಮುನವ್ವರ್


ನಂದೊಳ್ಳಿ
18 ಮೇ 2025

ಮುನವ್ವರ್ ಅವರಿಗೆ.

ಟೇಬಲ್ ಬಂತು. ಇಳಿಸಿದರು, ಕೂರಿಸಿದರು. ಹಸಿರು ಬಣ್ಣ ಚಲೋ ಬಂದಿದೆ, ಬಿರುಕು ಒಂದೂ ಇಲ್ಲ. ಹಮಾಲರೆಲ್ಲ ಕೈ ತಟ್ಟಿದರು. ನಾನು ಸುತ್ತ ಸುತ್ತ ನಡೆದು ನೋಡಿದೆ, ನನಗೆ ಒಂದು ತಪ್ಪೂ ಕಾಣಲಿಲ್ಲ. ತಪ್ಪು ಹುಡುಕುವುದೇ ಕೆಲಸವಾದ ನನಗೆ.

ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಅತ್ತಿಗೆ ಅದರ ತುಂಬ ಹಲಸಿನ ಹಪ್ಪಳ ಹರವಿದ್ದಾಳೆ. ನಾನು ಕೂಗಿಕೊಳ್ಳುವ ಮೊದಲೇ ಆಕೆಯೇ ಹೊಗಳಲು ಸುರು ಮಾಡಿದಳು.

"ಎಂತಾ ಚಲೋ ವಾಟ ಕೊಟ್ಟಾರೆ ಮಾರಾಯ. ಕೈ ತೊಳೆದ ನೀರು ಸುರುವಿದೆ, ಒಂದು ಹನಿ ನಿಲ್ಲಲಿಲ್ಲ."

ವಾಟ. ಅಂದರೆ ಇಳಿಜಾರು. ಆ ಮಾತು ಕಿವಿಗೆ ಬಿದ್ದದ್ದೇ ಹಪ್ಪಳ ಎತ್ತಿಸಿದೆ. ಪಟ್ಟಿಯ ಬುಡದಲ್ಲಿ ಚೆಂಡು ಇಟ್ಟೆವು. ಯಾರೂ ಮುಟ್ಟಲಿಲ್ಲ, ಅದು ತಾನಾಗಿ ಉರುಳಿ ಬಂದು ಅಂಚಿನಿಂದ ಕೆಳಗೆ ಬಿತ್ತು. ಆ ಬದಿಯಲ್ಲಿ ಇಟ್ಟೆವು, ಆ ಬದಿಗೆ ಉರುಳಿತು. ನಡು ಎತ್ತರ, ಎರಡೂ ಕೊನೆ ತಗ್ಗು. ನೀವು ಟೇಬಲ್ ಮಾಡಿಲ್ಲ, ನೀರು ಇಳಿದು ಹೋಗಲೆಂದು ಮನೆಯ ಮಾಡು ಮಾಡಿದ್ದೀರಿ. ಹಂಚು ಹೊದಿಸುವುದೊಂದು ಬಾಕಿ.

ನನ್ನ ಮಗಳು ಕಾವ್ಯಶ್ರೀ ಬ್ಯಾಟು ಹಿಡಿದುಕೊಂಡೇ ನಿಂತಿದ್ದಳು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಬಿದ್ದ ಚೆಂಡು ಹೆಕ್ಕಿ ಕಿಸೆಗೆ ಹಾಕಿಕೊಂಡು ಒಳಗೆ ಹೋದಳು. ಅವಳು ನಕ್ಕಿದ್ದರೂ ನನಗೆ ಇಷ್ಟು ಆಗುತ್ತಿರಲಿಲ್ಲ.

ಯಾಕೆ ಎಂದು ಕೇಳಬೇಡಿ ಎಂದಿದ್ದೆ, ಈಗ ಬರೆಯುತ್ತೇನೆ. ಟೇಬಲ್ ಊರಿಗಲ್ಲ. ನನ್ನ ಅಂಗಳಕ್ಕೆ, ಇವಳೊಬ್ಬಳಿಗೆ. ಎಂಟನೇ ಇಯತ್ತೆ ಮುಗಿಸಿದ್ದಾಳೆ. ಧಾರವಾಡದಲ್ಲಿ ಆಟ ಕಲಿಸುವ ಹಾಸ್ಟೆಲಿಗೆ ಆಯ್ಕೆಯಾಗಿದ್ದಾಳೆ, ಶ್ರೀವಾಣಿ ಟೀಚರೇ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಶಾಲೆ ಸುರುವಾಗುವುದರೊಳಗೆ ನಾನು ಹೂಂ ಅನ್ನಬೇಕು. ನನ್ನ ಬಾಯಿಂದ ಹೂಂ ಬರಲಿಲ್ಲ. ಆ ಊರಿನ ರಸ್ತೆ, ಅಲ್ಲಿಯ ಊಟ, ರಾತ್ರಿ ಜ್ವರ ಬಂದರೆ ಯಾರು, ಇದೇ ತಲೆಯಲ್ಲಿ. ಅದಕ್ಕೆ ಅವಳಿಗೆ ಹೇಳಿದೆ, ಅಂಗಳದಲ್ಲೇ ಟೇಬಲ್ ಹಾಕಿಸುತ್ತೇನೆ, ಆಮೇಲೆ ಧಾರವಾಡದಲ್ಲಿ ಇಲ್ಲದ್ದು ಇಲ್ಲಿ ಏನು ಕಡಿಮೆ? ನೋಡೋಣ ಅಂದಿದ್ದಳು. ನೋಡಿದಳು.

ಮಗಳ ಆಟಕ್ಕೆ ಸಿಮೆಂಟಿನ ಟೇಬಲ್ ಹಾಕಿಸುತ್ತಾನೆಂದು ಗೊತ್ತಾದರೆ ಗಿರಣಿಗೆ ಬಂದವರೆಲ್ಲ ಆಡಿಕೊಳ್ಳುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಕಣ್ಣು ಬೀಳುತ್ತದೆಂಬ ಹೆದರಿಕೆಯೂ ಇತ್ತು. ಈಗ ಹಪ್ಪಳ ಒಣಗಿಸಲು ಹಾಕಿಸಿದ ಎನ್ನುತ್ತಾರೆ.

ಬಂದು ನಿಮ್ಮ ಸಾಮಾನು ಹೊತ್ತುಕೊಂಡು ಹೋಗಿ.

ಚೌಡ


ಶಿರಸಿ
20 ಮೇ 2025

ಚೌಡಣ್ಣ,

ನಿಮ್ಮ ಪತ್ರಗಳನ್ನೆಲ್ಲ ಮುಂದೆ ಹರವಿಕೊಂಡು ಕೂತಿದ್ದೇನೆ. ನೀರು ನಿಲ್ಲಬಾರದು ಎಂದು ಬರೆಯದ ಕಾಗದ ಇಡೀ ಕಟ್ಟಿನಲ್ಲಿ ಒಂದೋ ಎರಡೋ. ಚೆಂಡು ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಹುಡುಕಿದೆ. ಮೊನ್ನೆಯ ಪತ್ರದಲ್ಲೇ ಅದು ಮೊದಲ ಸಲ ಬಂದಿರುವುದು, ಅದೂ ಕೆಳಗೆ ಬಿದ್ದ ಮೇಲೆ.

ನನಗೂ ಸಿಟ್ಟಿದೆ, ಬರೆಯುತ್ತೇನೆ ಕೇಳಿ. ಊರಿಗೆ ಎಂದಿರಿ, ನಾನು ಪಂಚಾಯತಿ ಕೆಲಸ ಎಂದುಕೊಂಡೆ. ಪಂಚಾಯತಿಯ ಸಾಮಾನು ಹತ್ತು ವರ್ಷ ಒಡೆಯದೆ ನಿಂತರೆ ಸಾಕು, ಅದರ ಮೇಲೆ ಯಾರು ಏನು ಆಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಆಕಾಶದ ಕೆಳಗೆ ಏನು ಎರಕ ಹೊಯ್ದರೂ ವಾಟ ಕೊಟ್ಟೇ ಕೊಡುತ್ತೇವೆ, ಕೈ ತಾನೇ ಕೊಡುತ್ತದೆ. ನೀವು ಬೇರೆ ಮೇಲಿಂದ ಮೇಲೆ ನೀರು ನೀರು ಎಂದಿರಿ. ಹೊರಗಿನ ಕಾಲುಗಳನ್ನು ಒಂದು ಇಂಚು ಗಿಡ್ಡ ಮಾಡಿದೆ. ಅದಕ್ಕಾಗಿ ಎರಡು ದಿನ ಹೆಚ್ಚು ಕೂತಿದ್ದೆ, ಚೌಡಣ್ಣನಿಗೆ ಖುಷಿಯಾಗಲಿ ಎಂದು.

ಮಗಳು ಆಡುವುದಕ್ಕೆ ಎಂದು ಒಂದು ಸಾಲು ಬರೆದಿದ್ದರೆ ಕ್ಲಬ್ಬಿನಲ್ಲಿ ಟೇಪು ಹಿಡಿಯುವ ಬದಲು ಕೂತು ಆಟ ನೋಡಿ ಬರುತ್ತಿದ್ದೆನಲ್ಲ. ನನ್ನ ಅಫ್ಸಾನಾ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ. ಅವಳನ್ನು ಬಸ್ಸು ಹತ್ತಿಸಿದ ದಿನ ಯಾರ್ಡಿನಲ್ಲಿ ಮಿಕ್ಸರ್ ಹಾಕಿ, ಒಳಗೆ ಸಿಮೆಂಟ್ ಸುರಿಯುವುದನ್ನೇ ಮರೆತಿದ್ದೆ.

ಹೊತ್ತುಕೊಂಡು ಹೋಗುವುದು ಬೇಡ. ಹಲಗೆಗಳು ನೆಟ್ಟಗಿವೆ, ಓರೆ ಇರುವುದು ಕಾಲಿನಲ್ಲಿ. ಹೊರಗಿನ ಕೊನೆಗಳನ್ನು ಲಾರಿಯ ಜಾಕಿನಿಂದ ಎತ್ತಿ ಇಂಚು ದಪ್ಪದ ಪಟ್ಟಿ ಕೊಟ್ಟರೆ ಸಪಾಟಾಗುತ್ತದೆ. ನಾನೇ ಬರುತ್ತೇನೆ. ಆದರೆ ಈಗಲೇ ಬರೆದಿಡುತ್ತೇನೆ: ಸಪಾಟಾದರೆ ನೀರು ನಿಲ್ಲುತ್ತದೆ. ಎರಡರಲ್ಲಿ ಯಾವುದು ಬೇಕು, ನೀವೇ ಹೇಳಬೇಕು. ಹೇಳಿ ಕಳಿಸಿದರೆ ಮಾತ್ರ ಹೊರಡುತ್ತೇನೆ.

ಮುನವ್ವರ್


ನಂದೊಳ್ಳಿ
21 ಮೇ 2025

ಮುನವ್ವರ್ ಭಾಯ್,

ನಿಲ್ಲಲಿ. ಬನ್ನಿ.

ಚೌಡ


ನಂದೊಳ್ಳಿ
3 ಜೂನ್ 2025

ಮುನವ್ವರ್ ಭಾಯ್,

ಅವತ್ತು ನೀವು ಜಾಕು ತಿರುಗಿಸುವಾಗ ನಾನು ಹಲಗೆಯ ಅಡಿ ಕೈ ಕೊಟ್ಟದ್ದಕ್ಕೆ ಬೈದಿರಲ್ಲ, ಆ ಬೈಗುಳ ತನುಜಾಗೆ ಬಹಳ ಹಿಡಿಸಿದೆ, ಈಗ ಅವಳೂ ಅದನ್ನೇ ಬಳಸುತ್ತಾಳೆ. ನೀವು ಹೊರಟ ಮೇಲೆ ಏನಾಯಿತೆಂದು ಬರೆಯಬೇಕು ಎಂದುಕೊಂಡೇ ಇಷ್ಟು ದಿನ ಹೋಯಿತು.

ಲಾರಿ ತಿರುವಿನಲ್ಲಿ ಮರೆಯಾದ ಕೂಡಲೇ ಕಾವ್ಯಶ್ರೀ ಪಟ್ಟಿಯ ಬುಡದಲ್ಲಿ ಚೆಂಡು ಇಟ್ಟಳು. ಅಲ್ಲಾಡಲಿಲ್ಲ. ಒಂದೊಂದು ಮೂಲೆಗೂ ಇಟ್ಟು ನೋಡಿದಳು, ಎಲ್ಲಿಟ್ಟರೂ ಇಟ್ಟಲ್ಲೇ ನಿಂತಿತು. ಅವಳ ಮುಖ ನೋಡಿ ನಾನು ಗಣಪನ ಗಂಟೆಯನ್ನು ಒಂದು ಅಳತೆ ದೊಡ್ಡದು ಮಾಡಿದೆ. ಅವಳು ಬ್ಯಾಟು ತಗೊಂಡು ಈ ಕೊನೆಯಲ್ಲಿ ನಿಂತಳು. ಸರ್ವ್ ಹಾಕಲು ಚೆಂಡು ಎತ್ತಿದವಳು ಹಾಗೇ ಕೈ ಇಳಿಸಿದಳು.

"ಅಪ್ಪ, ಟೇಬಲ್ ಸರಿ ಆತು. ಆಚೆ ಬದಿಗೆ ಯಾರು ನಿಲ್ತಾರೆ?"

ಭಾಯ್, ನಾನು ಬಿಸಿಲು ಯೋಚಿಸಿದ್ದೆ, ಗಾಳಿ ಯೋಚಿಸಿದ್ದೆ, ತುಕ್ಕು, ಪಾಚಿ, ಗೆದ್ದಲು, ಅಂಚು, ಸರಳು, ಹಮಾಲರ ಸೊಂಟ ಎಲ್ಲ ಯೋಚಿಸಿದ್ದೆ. ಒಂಬತ್ತು ಅಡಿಯ ಆ ಕೊನೆಯಲ್ಲಿ ಒಬ್ಬರು ನಿಲ್ಲಬೇಕು ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಇಷ್ಟು ವರ್ಷ ಅವಳೊಡನೆ ಸರಿಸಮ ಆಡುತ್ತಿದ್ದವರು ಶ್ರೀವಾಣಿ ಟೀಚರ್ ಒಬ್ಬರೇ. ಅವರಿಗೆ ಸಿದ್ದಾಪುರಕ್ಕೆ ವರ್ಗವಾದದ್ದನ್ನು ನಿಮಗೆ ಬರೆದವನೂ ನಾನೇ, ಅದು ಬೇರೆ ವಿಷಯ ಎಂದವನೂ ನಾನೇ.

ಬ್ಯಾಟು ಕೊಡು ಎಂದೆ. ಕೊಟ್ಟಳು. ಅವಳು ಎಷ್ಟು ಮೆಲ್ಲಗೆ ಹಾಕಿದರೂ ನನ್ನದು ಒಮ್ಮೆ ಗಿರಣಿಯ ಮಾಡಿಗೆ, ಒಮ್ಮೆ ಸಗಣಿ ಗುಂಡಿಗೆ. ಪ್ರತಿ ಸಲ ಅವಳೇ ಓಡಿ ಹೆಕ್ಕಿ ತಂದಳು, ಒರೆಸಿಕೊಂಡು ಮತ್ತೆ ಹಾಕಿದಳು. ಚೂರೂ ಬೇಸರ ತೋರಿಸಲಿಲ್ಲ. ಅದೇ ನನಗೆ ತಡೆಯಲಾಗದೆ ಹೋಯಿತು. ಇವಳು ಇಲ್ಲೇ ಉಳಿದರೆ ಬದುಕಿಡೀ ಹೀಗೆ ನನ್ನ ಹೆದರಿಕೆಯನ್ನು ಮೆಲ್ಲಗೆ ಹೊಡೆದು ಆಡಿಸುತ್ತ ಇರುತ್ತಾಳೆ ಅನಿಸಿತು.

ಹೂಂ ಅಂದೆ.

ಮೊನ್ನೆ ತನುಜಾ ಅವಳನ್ನು ಧಾರವಾಡಕ್ಕೆ ಬಿಟ್ಟು ಬಂದಳು. ನಾನು ಯಲ್ಲಾಪುರದ ಬಸ್ಸಿನವರೆಗೆ ಮಾತ್ರ ಹೋಗಿದ್ದೆ. ಅಲ್ಲಿಗಿಂತ ಮುಂದೆ ಬಂದರೆ ಮರಳಿ ಕರೆದುಕೊಂಡೇ ಬರುತ್ತೀರಿ ಎಂದಳು ತನುಜಾ. ಸರಿಯಾಗಿಯೇ ಹೇಳಿದಳು.

ಚೌಡ


ನಂದೊಳ್ಳಿ
19 ಜೂನ್ 2025

ಮುನವ್ವರ್ ಭಾಯ್,

ಮಳೆ ಹಿಡಿದಿದೆ. ನೀರು ನಿಲ್ಲುತ್ತದೆ. ಎರಡೂ ಹಲಗೆಯ ಮೇಲೆ ಬೆರಳಿನ ಉಗುರು ಮುಳುಗುವಷ್ಟು. ಮಳೆ ಬಿಟ್ಟು ಹೊಳವಾದಾಗೆಲ್ಲ ನಾನೇ ಹಳೆಯ ಪಂಚೆಯಿಂದ ಒರೆಸುತ್ತೇನೆ. ಗಿರಣಿಗೆ ಬಂದವರು, ಚೌಡ, ಆಡುವವರೇ ಇಲ್ಲ, ಯಾರಿಗಾಗಿ ಒರೆಸ್ತಿ ಎಂದು ಕೇಳುತ್ತಾರೆ. ಪಾಚಿ ಕಟ್ಟುತ್ತದೆ ಎನ್ನುತ್ತೇನೆ. ಅತ್ತಿಗೆ ಮಾತ್ರ, ಆ ಚಂದದ ವಾಟ ತೆಗೆಸಿದ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಫೋನಿನಲ್ಲಿ ಕಾವ್ಯಶ್ರೀ ಊಟ ಚಲೋ ಇದೆ ಎನ್ನುತ್ತಾಳೆ. ಚಲೋ ಎಂದರೆ ಎಷ್ಟು ಚಲೋ ಎಂದು ಕೇಳಿದರೆ ನಗುತ್ತಾಳೆ. ದಸರೆಯ ರಜೆಗೆ ಬರುತ್ತಾಳೆ.

ಅದಕ್ಕೆ ಇನ್ನೊಂದು ಆರ್ಡರು. ಐದು ಅಡಿ ಅಗಲ, ಮೂರು ಅಡಿ ಎತ್ತರದ ಒಂದು ಹಲಗೆ, ಟೇಬಲ್ಲಿನ ಆಚೆ ಕೊನೆಗೆ ಗೋಡೆಯ ಹಾಗೆ ನಿಲ್ಲಿಸುವಂಥದ್ದು. ಈ ಬದಿಯಿಂದ ಹೊಡೆದ ಚೆಂಡು ಅದಕ್ಕೆ ತಾಗಿ ಮರಳಿ ನನಗೇ ಬರಬೇಕು. ಒಬ್ಬನೇ ಕಲಿಯಬಹುದು. ದಸರೆಯ ಹೊತ್ತಿಗೆ ನಾಲ್ಕು ಚೆಂಡನ್ನಾದರೂ ಅವಳ ಕಡೆಗೆ ಮರಳಿಸಬೇಕು, ಸಗಣಿ ಗುಂಡಿಗಲ್ಲ.

ನೆಟ್ಟಗೆ ನಿಲ್ಲುವ ಹಲಗೆಗೆ ವಾಟದ ಪ್ರಶ್ನೆಯೇ ಇಲ್ಲ ಎಂದು ಗೊತ್ತು. ಆದರೂ ಬರೆದಿಡುತ್ತೇನೆ, ವಾಟ ಬೇಡ. ಚೆಂಡಿಗಾಗಿ.

ಚೌಡ


ಶಿರಸಿ
23 ಜೂನ್ 2025

ಚೌಡಣ್ಣ,

ನಿಮ್ಮ ಆರ್ಡರು ಹಿಡಿಯುವುದಿಲ್ಲ. ನಾನು ಗಿರಾಕಿಗೆ ಆಗುವುದಿಲ್ಲ ಎನ್ನುತ್ತಿರುವುದು ಇದೇ ಮೊದಲು.

ಗೋಡೆ ಹಾಕಿದರೆ ಆಚೆ ಬದಿಗೆ ನಿಲ್ಲಲು ಜಾಗ ಎಲ್ಲಿರುತ್ತದೆ? ಶುಕ್ರವಾರ ಮಧ್ಯಾಹ್ನದ ಮೇಲೆ ಯಾರ್ಡಿಗೆ ರಜೆ. ನಮಾಜ್ ಮುಗಿಸಿ ಅರ್ಮಾನಿನ ಲಾರಿಯಲ್ಲಿ ಹೊರಟರೆ ಸಂಜೆಯ ಚಹಾದ ಹೊತ್ತಿಗೆ ನಿಮ್ಮಲ್ಲಿರುತ್ತೇನೆ. ಎರಡು ಬ್ಯಾಟು ತೆಗೆದುಕೊಂಡಿದ್ದೇನೆ. ನನಗೂ ಆಡಲು ಬರುವುದಿಲ್ಲ.

ಒರೆಸಿ ಇಡಿ.

ಮುನವ್ವರ್